ಮುಚ್ಚಳದ ಜಾಗದಲ್ಲಿ ವಾಲ್ವು

ಪೈಪಿಗೆ ಪೈಪು ಜೋಡಿಸೋದಕ್ಕೆ ಇಷ್ಟೊಂದು ಓದಬೇಕೇನೆ ಅಂತ ಅಕ್ಕ ಅವಳನ್ನು ರೇಗಿಸುತ್ತಿದ್ದಳು. ರೇಗಿಸಲಿ ಬಿಡಿ, ರೇಗಿಸುವವರ ಗಂಟೇನು ಹೋಗಬೇಕು. ಮನೆಯ ನಲ್ಲಿಯಾದರೆ ಥ್ರೆಡ್ಡಿಗೆ ನಾಲ್ಕು ಸುತ್ತು ದಾರ ಸುತ್ತಿ ಸ್ಪ್ಯಾನರಿನಲ್ಲಿ ಬಿಗಿದರೆ ಆಯಿತು. ಸೋರಲಿಲ್ಲ ಅಂದರೆ ಗೆದ್ದಂತೆ. ಅವಳ ಕಾರ್ಖಾನೆಯಲ್ಲಿ ಸೋರದಿದ್ದರೆ ಮಾತ್ರ ಸಾಲದು. ಅಲ್ಲಿ ತಯಾರಾಗುತ್ತಿದ್ದದ್ದು ಕಣ್ಣಿನ ಆಪರೇಷನ್ ಮಾಡುವಾಗ ಕಣ್ಣೊಳಗೆ ಹಾಯಿಸಿ ತೊಳೆಯುವ ನೀರು. ನೋಡಿದರೆ ನೀರೇ, ನಾಲಿಗೆಗೆ ಹಚ್ಚಿದರೆ ಸ್ವಲ್ಪ ಉಪ್ಪುಪ್ಪು. ಆದರೆ ಅದರಲ್ಲಿ ನಾಲ್ಕು ಕ್ರಿಮಿ ಜೀವ ಹಿಡಿದುಕೊಂಡು ಉಳಿದರೂ ಆ ಕಣ್ಣಿನ ಆಸೆ ಬಿಡಬೇಕು. ಹಾಗಾಗಿ ಅದು ಹರಿಯುವ ಪೈಪಿನಲ್ಲಿ ಥ್ರೆಡ್ ಇರಬಾರದು, ಸಂದಿ ಇರಬಾರದು, ಗೀರು ಇರಬಾರದು, ನೀರು ನಿಂತು ಹಳಸುವ ಮೂಲೆಯಂತೂ ಇರಲೇಬಾರದು. ಯಾವ ಜಾಯಿಂಟು, ಅದರ ಕತ್ತು ಎಷ್ಟುದ್ದ, ಯಾವ ರಬ್ಬರಿನ ಗ್ಯಾಸ್ಕೆಟ್ಟು, ಒಳಮೈ ಎಷ್ಟು ನುಣುಪು, ಇದನ್ನೆಲ್ಲ ಆರಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಜೇಬಿನಲ್ಲಿ ಸದಾ ಆರಂಗುಲದ ಸ್ಟೀಲ್ ಸ್ಕೇಲು ಇಟ್ಟುಕೊಂಡು ಕಂಡದ್ದನ್ನೆಲ್ಲ ಅಳೆಯುತ್ತಿದ್ದದ್ದಕ್ಕೆ ಜನ ಅವಳಿಗೆ ಸ್ಕೇಲಕ್ಕ ಅಂತ ಹೆಸರಿಟ್ಟಿದ್ದರು.

ಅವಳು ಆರಿಸಿದ್ದನ್ನು ವೆಲ್ಡ್ ಮಾಡಿ ಜೋಡಿಸುತ್ತಿದ್ದವರು ಅವಳ ಭಾವ, ಅಕ್ಕನ ಗಂಡ. ಅವಳು ಭಾವ ಭಾವ ಅನ್ನುವುದನ್ನು ಕೇಳಿ ಕೇಳಿ ಗೇಟಿನ ಕಾವಲಿನವನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವರು ಭಾವನೇ ಆಗಿಹೋಗಿದ್ದರು. "ಆರುನೂರು ಜನರ ಅಕ್ಕಂದಿರನ್ನೂ ನಾನೇ ಕಟ್ಕೊಂಡಿದೀನಾ? ಒಬ್ಬಳನ್ನ ಸಂಭಾಳಿಸೋದ್ರಲ್ಲೇ ತಲೆ ಹಣ್ಣಾಗಿದೆ" ಅಂತ ಅವರು ಕ್ಯಾಂಟೀನಿನಲ್ಲಿ ನಗಿಸುತ್ತಿದ್ದರು. ತೆಳ್ಳಗಿನ ಸ್ಟೀಲ್ ಪೈಪಿನ ವೆಲ್ಡಿನಲ್ಲಿ ಅವರ ಕೈಯಿಗೆ ಸಾಟಿ ಇರಲಿಲ್ಲ. ಹೊರಗಿನಿಂದ ಶಾಖ ಕೊಟ್ಟರೆ ಒಳಗಡೆ ಗೆರೆ ಎದ್ದಿದೆಯೋ ಇಲ್ಲವೋ ಎಂದು ಬೆರಳಿಗೂ ತಿಳಿಯಬಾರದು. ಹಾಗಿರುತ್ತಿತ್ತು ಅವರ ಕೆಲಸ. ಪ್ರತಿ ವೆಲ್ಡಿಗೂ ಒಂದು ನಂಬರು, ನಂಬರಿನ ಪಕ್ಕ ಅವರ ಸಹಿ.

ಅವಳಿಗೂ ಭಾವನಿಗೂ ಇದ್ದದ್ದು ಬರೀ ನೆಂಟಸ್ತಿಕೆಯಲ್ಲ. ಅವಳಿಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದರು. ಅಕ್ಕನ ಮದುವೆಯಾಗಿ ಆಗಿನ್ನೂ ಎರಡು ತಿಂಗಳು. ಹೊಸ ಮದುವಣಿಗ ಸೀದಾ ಬಂದು ಅವಳ ಟ್ರಂಕನ್ನು ಹೆಗಲಿಗೇರಿಸಿಕೊಂಡು, "ನಡಿಯಮ್ಮ ಪುಟ್ಟಿ, ನಮ್ಮನೇಲಿ ಜಾಗ ಬೇಕಾದಷ್ಟಿದೆ" ಅಂದಿದ್ದರು. ಜಾಗ ಎಲ್ಲಿತ್ತು? ಇದ್ದದ್ದೇ ಒಂದೂವರೆ ಕೋಣೆ. ಆ ಅರ್ಧ ಕೋಣೆಯಲ್ಲಿ ಅವಳು ಓದಿದಳು, ಪಾಸಾದಳು, ಎಂಜಿನಿಯರಾದಳು. ಅವರಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂದು ಭಾವ ಒಂದು ದಿನವೂ ಅಂದವರಲ್ಲ. ಯಾರಾದರೂ ಕೇಳಿದರೆ ಅವಳ ಕಡೆ ಬೆರಳು ತೋರಿಸಿ, "ಇದೆಯಲ್ಲ ಒಂದು, ಇದರ ಕಾಟವೇ ಸಾಕು" ಅನ್ನುತ್ತಿದ್ದರು.

ಇಂಥವರ ಬದುಕಿಗೆ ಸಿಡಿಲು ಬಂದು ಬಡಿಯಿತು ನೋಡಿ. ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಒಂದೇ ವಾರದಲ್ಲಿ ಆಪರೇಷನ್ ಆದ ಹನ್ನೊಂದು ಜನಕ್ಕೆ ಕಣ್ಣು ಕೆಂಪಾಗಿ ಕೀವು ತುಂಬಿತು. ಹನ್ನೊಂದು ಜನಕ್ಕೂ ಆ ಕಣ್ಣು ಹೋಯಿತು. ಒಬ್ಬರು ಶಾಲೆಯ ಮೇಷ್ಟರು, ಒಬ್ಬರು ಬಸ್ ಡ್ರೈವರು, ಒಬ್ಬಾಕೆ ಹೊಲಿಗೆಯವಳು, ಮಿಕ್ಕವರು ಮೊಮ್ಮಕ್ಕಳ ಮುಖ ಸರಿಯಾಗಿ ನೋಡಬೇಕೆಂದು ಪೊರೆ ತೆಗೆಸಿಕೊಳ್ಳಲು ಬಂದಿದ್ದ ಮುದುಕ ಮುದುಕಿಯರು. ಎಲ್ಲರ ಕಣ್ಣಿಗೂ ಬಿಟ್ಟದ್ದು ಇದೇ ಕಾರ್ಖಾನೆಯ ಬಾಟಲಿಯ ನೀರು. ಪೇಟೆಗೆ ಹೋಗಿದ್ದ ಮಾಲನ್ನೆಲ್ಲ ವಾಪಸು ತರಿಸಿದರು, ಇಲಾಖೆಯವರು ಲೈಸೆನ್ಸ್ ಹಿಡಿದಿಟ್ಟು ಲೈನು ನಿಲ್ಲಿಸಿದರು. ಕಾರ್ಖಾನೆ ಸಾವಿನ ಮನೆಯಂತಾಯಿತು. ಕ್ಯಾಂಟೀನಿನಲ್ಲಿ ಲೋಟ ಇಡುವ ಸದ್ದಿಗೂ ಜನ ಬೆಚ್ಚುತ್ತಿದ್ದರು.

ಹೆಡ್ ಆಫೀಸಿನಿಂದ ಇಬ್ಬರು ಬಂದರು. ದಾರದಷ್ಟು ಸಣ್ಣ ಕ್ಯಾಮೆರಾವನ್ನು ಪೈಪಿನೊಳಗೆ ಬಿಟ್ಟು ಅಂಗುಲ ಅಂಗುಲ ಹುಡುಕುತ್ತಿದ್ದರಿಂದ ಅವರಿಗೆ ಕ್ಯಾಮೆರಾದವರು ಅಂತಲೇ ಹೆಸರಾಯಿತು. ಬಾಟಲಿ ತುಂಬುವ ಯಂತ್ರಕ್ಕೆ ಹತ್ತಿರದಲ್ಲಿ, ಪರೀಕ್ಷೆಗೆಂದು ನೀರು ತೆಗೆಯುವ ಒಂದು ಕವಲು ಇತ್ತು. ದೊಡ್ಡ ಪೈಪಿನಿಂದ ಪಕ್ಕಕ್ಕೆ ಹೊರಟ ಹೆಬ್ಬೆರಳಿನ ದಪ್ಪದ ಕತ್ತು, ಅದರ ತುದಿಗೊಂದು ವಾಲ್ವು. ಆ ಕವಲಿನಲ್ಲಿ ಕ್ರಿಮಿ ಸಿಕ್ಕಿತು. ಕವಲಿನ ಬುಡದಲ್ಲಿದ್ದ ಹದಿನೇಳನೇ ನಂಬರಿನ ವೆಲ್ಡಿನ ಒಳಮೈಯಲ್ಲಿ ನೀಲಿ ಕಂದು ಬಣ್ಣದ ಒಂದು ಗೆರೆಯೂ ಸಿಕ್ಕಿತು. ಅದನ್ನು ನಲವತ್ತು ಪಟ್ಟು ದೊಡ್ಡದು ಮಾಡಿ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದರು. ನಲವತ್ತು ಪಟ್ಟು ದೊಡ್ಡದು ಮಾಡಿದರೆ ಮಗುವಿನ ಕೆನ್ನೆಯೂ ಕಲ್ಲುಗಣಿಯಂತೆ ಕಾಣುತ್ತದೆ, ಹಾಳಾದ್ದು! ಆದರೆ ಮೀಟಿಂಗಿನಲ್ಲಿದ್ದವರೆಲ್ಲ ಹಾ ಎಂದು ಉಸಿರೆಳೆದುಕೊಂಡರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಭಾವ ಎದ್ದು ಗೋಡೆಯ ಹತ್ತಿರ ಹೋದರು. ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಇದು ನನ್ನದಾ?" ಅಂದರು.

"ಹದಿನೇಳು. ನಿಮ್ಮ ಸಹಿ ಇದೆ" ಅಂದ ಕ್ಯಾಮೆರಾದವನು.

"ಹೌದು, ನನ್ನದೇ" ಅಂದರು ಭಾವ. ವಾಪಸು ಬಂದು ಕೂರಲಿಲ್ಲ. ಹಾಗೇ ಬಾಗಿಲು ತೆಗೆದುಕೊಂಡು ಹೊರಗೆ ಹೋದರು.

ಅವಳು ಕೂತಲ್ಲೇ ಕೂತಿದ್ದಳು. ಆ ವೆಲ್ಡು ಆದ ದಿನವೇ ಅದನ್ನು ಪರೀಕ್ಷಿಸಿ ಸರಿಯಿದೆ ಎಂದು ಬರೆದಿದ್ದವಳು ಅವಳೇ. ಅಷ್ಟು ಬಣ್ಣ ಶಾಖಕ್ಕೆ ಬಂದೇ ಬರುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎದ್ದು ನಿಂತು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ವೆಲ್ಡಲ್ಲದಿದ್ದರೆ ಮತ್ತೇನು ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ತನ್ನ ಮೇಜಿನಿಂದಲೇ ಬರಬಹುದೆಂದು ಅವಳಿಗೆ ಆಗಲೇ ಭಯ ಹುಟ್ಟಿತ್ತು. ಥೂ, ಎಂಥ ಹೇಡಿ ನಾನು ಎಂದು ಅವಳು ಆಮೇಲೆ ಸಾವಿರ ಸಲ ತನ್ನನ್ನೇ ಬೈದುಕೊಂಡಳು. ಬೈದುಕೊಂಡು ಪ್ರಯೋಜನವೇನು ಬಂತು.

ಭಾವನಿಗೆ ಮನೆಯಲ್ಲಿರಲು ಹೇಳಿದರು. ಒಂದು ಕಾಗದವನ್ನೂ ಕೊಟ್ಟು ಕಳಿಸಿದರು. ಹದಿನೇಳನೇ ವೆಲ್ಡು ನನ್ನ ಕೈಯಿಂದ ಕೆಟ್ಟಿದೆ, ಅದರಿಂದಲೇ ಹೀಗಾಗಿದೆ, ಇದನ್ನು ಒಪ್ಪಿಕೊಂಡಿದ್ದೇನೆ ಎಂದು ಅದರಲ್ಲಿತ್ತು. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಸಹಿ ಮಾಡಿ ತಲುಪಿಸಬೇಕು. ಮಾಡಿದರೆ ಅವರ ವೆಲ್ಡಿಂಗ್ ಸರ್ಟಿಫಿಕೇಟು ರದ್ದು, ಇನ್ನು ಬದುಕಿರುವವರೆಗೂ ಔಷಧಿಯ ಪೈಪು ಮುಟ್ಟುವ ಹಾಗಿಲ್ಲ. ಹನ್ನೊಂದು ಜನರ ಕಣ್ಣು ಕಳೆದವನು ಎಂಬ ಹೆಸರಂತೂ ಕಟ್ಟಿಟ್ಟ ಬುತ್ತಿ.

ಬುಧವಾರ ಅವಳು ಆ ಕವಲಿನ ಹಳೆಯ ಕಾಗದಗಳನ್ನೆಲ್ಲ ತೆಗೆಸಿದಳು. ಮೊದಲ ಡ್ರಾಯಿಂಗಿನಲ್ಲಿ ಆ ಕತ್ತಿನ ತುದಿಗೆ ವಾಲ್ವು ಇರಲೇ ಇಲ್ಲ. ಮುಂದೆಂದಾದರೂ ಬೇಕಾಗಬಹುದು ಎಂದು ಕವಲು ಬಿಟ್ಟು, ತುದಿಗೆ ಬರೀ ಒಂದು ಮುಚ್ಚಳ ಹಾಕಿ ಕ್ಲಾಂಪಿನಿಂದ ಬಿಗಿದಿದ್ದರು. ಕವಲಿನ ವಿಷಯದಲ್ಲಿ ಒಂದು ನಿಯಮ ಇದೆ, ಅವಳು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದದ್ದೇ ಅದು. ದೊಡ್ಡ ಪೈಪಿನಲ್ಲಿ ನೀರು ಹರಿಯುತ್ತದೆ, ಕವಲಿನಲ್ಲಿ ನಿಲ್ಲುತ್ತದೆ. ಪೈಪಿನೊಳಗಿನ ಕ್ರಿಮಿ ಕೊಲ್ಲಲು ಬಿಡುವ ಬಿಸಿ ಹಬೆ ನಿಂತ ನೀರಿಗೆ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಕವಲು ಎಷ್ಟು ಅಗಲವಿದೆಯೋ ಅದರ ಎರಡರಷ್ಟಕ್ಕಿಂತ ಆಳ ಇರಬಾರದು. ಅಗಲ ಇಪ್ಪತ್ತೆರಡು ಮಿಲಿಮೀಟರು, ಅಂದರೆ ಆಳ ನಲವತ್ತನಾಲ್ಕು ದಾಟಬಾರದು. ಅವಳು ಆರಿಸಿದ್ದ ಕತ್ತು ನಲವತ್ತೆರಡು ಇತ್ತು. ಇದಕ್ಕಿಂತ ಗಿಡ್ಡದ್ದು ಸಿಗುತ್ತಿತ್ತು, ಆದರೆ ಅದರ ಕ್ಲಾಂಪು ಪೈಪಿನ ಶಾಖ ತಡೆಯುವ ಹೊದಿಕೆಯೊಳಗೆ ಹೂತುಹೋಗಿ ಕೈಗೆ ಸಿಗುತ್ತಿರಲಿಲ್ಲ. ನಲವತ್ತೆರಡು ನಿಯಮದೊಳಗೇ ಇದೆಯಲ್ಲ ಎಂದು ಆರಿಸಿದ್ದಳು. ಸರಿಯಾಗಿಯೇ ಆರಿಸಿದ್ದಳು.

ಆಮೇಲೆ ಹನ್ನೆರಡು ವಾರದ ಹಿಂದೆ ಲ್ಯಾಬಿನವರು ಅಲ್ಲಿಂದ ನೀರು ತೆಗೆಯಬೇಕು ಅಂದರು. ಮುಚ್ಚಳ ತೆಗೆದು ವಾಲ್ವು ಹಾಕಲು ಒಂದು ಬದಲಾವಣೆ ಚೀಟಿ ಬಂತು. ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು: ಜೋಡಣೆ ಅದೇ ಅಳತೆಯದು, ಅದೇ ತರಹದ್ದು ಆಗಿದ್ದರೆ ಚೀಟಿಯ ಕೆಳಗೆ "ಅದರ ಬದಲು ಅದೇ" ಎಂಬ ಚೌಕದಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು, ಮತ್ತೆ ಡ್ರಾಯಿಂಗಿಗೆ ಹೋಗಬೇಕಿಲ್ಲ. ಕ್ಲಾಂಪು ಅದೇ, ಗ್ಯಾಸ್ಕೆಟ್ಟು ಅದೇ. ಅಂಥವು ದಿನಕ್ಕೆ ಹತ್ತು ಬರುತ್ತಿದ್ದವು. ಅವಳು ಗುರುತು ಹಾಕಿದ್ದಳು. ಚೀಟಿಯಲ್ಲಿ ಅವಳದೇ ಕೈ, ನೀಲಿ ಶಾಯಿ.

ಅವಳು ಈಗ ಕೂತು ಲೆಕ್ಕ ಹಾಕಿದಳು. ಮುಚ್ಚಳವಾದರೆ ನೀರು ಮುಚ್ಚಳದ ಹತ್ತಿರ ನಿಲ್ಲುತ್ತದೆ. ವಾಲ್ವಾದರೆ ಕ್ಲಾಂಪು ದಾಟಿ, ವಾಲ್ವಿನ ಗಂಟಲೊಳಗೆ ಇಳಿದು, ಅದು ಮುಚ್ಚಿಕೊಳ್ಳುವ ಜಾಗದವರೆಗೂ ಹೋಗಿ ನಿಲ್ಲುತ್ತದೆ. ಆ ಗಂಟಲು ಇನ್ನೂ ಐವತ್ತು ಮಿಲಿಮೀಟರು. ನಲವತ್ತೆರಡಕ್ಕೆ ಐವತ್ತು ಸೇರಿದರೆ ತೊಂಬತ್ತೆರಡು. ಎರಡರಷ್ಟು ಇರಬೇಕಾದದ್ದು ನಾಲ್ಕರಷ್ಟನ್ನೂ ದಾಟಿತ್ತು. ಕಂಡದ್ದನ್ನೆಲ್ಲ ಅಳೆಯುವ ಸ್ಕೇಲಕ್ಕ ಅದೊಂದನ್ನು ಅಳೆದಿರಲಿಲ್ಲ.

ಅಷ್ಟಕ್ಕೇ ನಂಬಲು ಅವಳ ಮನಸ್ಸು ಒಪ್ಪಲಿಲ್ಲ. ಗುರುವಾರ ಮಧ್ಯಾಹ್ನ ಪೈಪುಗಳಿಗೆ ಪರೀಕ್ಷೆಯ ಹಬೆ ಬಿಡುವಾಗ ವಾಲ್ವಿನ ಗಂಟಲಿಗೆ ತಂತಿಯಂಥ ಥರ್ಮಾಮೀಟರು ತೂರಿಸಿ, ಇನ್ನೊಂದನ್ನು ದೊಡ್ಡ ಪೈಪಿಗೆ ಸಿಕ್ಕಿಸಿ, ಸ್ಟೂಲು ಎಳೆದುಕೊಂಡು ಕೂತಳು. ಕ್ರಿಮಿ ಸಾಯಲು ಅರ್ಧ ಗಂಟೆ ನೂರ ಇಪ್ಪತ್ತೊಂದು ಡಿಗ್ರಿ ಬೇಕು. ದೊಡ್ಡ ಪೈಪು ಹತ್ತು ನಿಮಿಷದಲ್ಲಿ ಅದನ್ನು ಮುಟ್ಟಿತು. ವಾಲ್ವಿನ ಗಂಟಲು ಎಪ್ಪತ್ತಕ್ಕೆ ಬಂತು, ಎಂಬತ್ತೆಂಟಕ್ಕೆ ಬಂತು, ತೊಂಬತ್ತಮೂರಕ್ಕೆ ಬಂದು ನಿಂತುಬಿಟ್ಟಿತು. ಏರು, ಏರು ತಾಯಿ, ದಮ್ಮಯ್ಯ ಏರು ಎಂದು ಅವಳು ಆ ಯಂತ್ರಕ್ಕೆ ಕೈಮುಗಿಯುವುದೊಂದು ಬಾಕಿ. ಅರ್ಧ ಗಂಟೆಯೂ ಮುಗಿಯಿತು. ತೊಂಬತ್ತಮೂರು. ಅವಳು ಆ ಅಂಕಿಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದಳು.

ಮುಖ ತೊಳೆದುಕೊಂಡು ಸೀದಾ ಮ್ಯಾನೇಜರ ಕೋಣೆಗೆ ಹೋದಳು. ಎಲ್ಲರೂ ದೊಡ್ಡೋರು ಅನ್ನುತ್ತಿದ್ದ ಆ ಮನುಷ್ಯ ಕೆಟ್ಟವರೇನಲ್ಲ. ಈ ಒಂದು ತಿಂಗಳಲ್ಲಿ ಅವರ ಶರ್ಟಿನ ಕಾಲರು ಕತ್ತಿಗೆ ದೊಡ್ಡದಾಗಿಹೋಗಿತ್ತು. ಅವಳು ಚೀಟಿ, ಡ್ರಾಯಿಂಗು, ಥರ್ಮಾಮೀಟರಿನ ಹಾಳೆ ಮೂರನ್ನೂ ಮೇಜಿನ ಮೇಲೆ ಹರಡಿದಳು.

"ಸರ್, ವೆಲ್ಡಲ್ಲ. ನಾನು. ನನ್ನ ತಪ್ಪು."

ಅವರು ಮೂರನ್ನೂ ಓದಿದರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಇಂಥ ವಾಲ್ವು ಇನ್ನೆಷ್ಟು ಕಡೆ ಇದೆ?"

"ಇನ್ನು ಎಂಟು."

"ನಾಳೆಯಿಂದಲೇ ಎಲ್ಲಾ ಬಿಚ್ಚಿಸು. ಕತ್ತೇ ಇಲ್ಲದೆ ಪೈಪಿಗೇ ಅಂಟಿಕೊಂಡಿರುತ್ತಲ್ಲ, ಆ ತರಹದ್ದು ತರಿಸು. ಅದು ಬಂದು ಕೂತು, ನೀನು ಹಬೆ ಬಿಟ್ಟು ನೋಡಿ, ಸರಿ ಅನ್ನೋವರೆಗೂ ಒಂದು ಬಾಟಲಿನೂ ತುಂಬೋದು ಬೇಡ."

"ಮತ್ತೆ ರಿಪೋರ್ಟು ಸರ್?"

ದೊಡ್ಡೋರು ಕನ್ನಡಕ ಹಾಕಿಕೊಂಡರು. ಆಮೇಲೆ, "ರಿಪೋರ್ಟಲ್ಲಿ ವೆಲ್ಡ್ ಅಂತಲೇ ಇರಲಿ" ಅಂದರು.

"ಸರ್!"

"ಕೂತ್ಕೋ, ಕೇಳು. ಒಂದು ವೆಲ್ಡ್ ಕೆಟ್ಟಿತ್ತು ಅಂದ್ರೆ ಕತ್ತರಿಸಿ ಬೇರೆ ಹಾಕ್ತೀವಿ, ಎರಡು ತಿಂಗಳಲ್ಲಿ ಲೈಸೆನ್ಸ್ ವಾಪಸ್ ಕೊಡ್ತಾರೆ. ನಮ್ಮ ಆರಿಸೋ ಪದ್ಧತಿನೇ ಕೆಟ್ಟಿದೆ, ಚೀಟಿ ಮೇಲೆ ಗುರುತು ಹಾಕಿ ಪಾಸ್ ಮಾಡ್ತೀವಿ ಅಂತ ಗೊತ್ತಾದ್ರೆ ಕಾರ್ಖಾನೆ ಬುಡದಿಂದ ಅಲ್ಲಾಡುತ್ತೆ. ಒಂದೂವರೆ ವರ್ಷ ಬಾಗಿಲು ಹಾಕಬೇಕು. ಆರುನೂರು ಮನೆ ಒಲೆ ಆರುತ್ತೆ. ಭಾವನಿಗೆ ಇನ್ನೇನು ಎರಡು ವರ್ಷ ಸರ್ವಿಸು. ನಿನಗೆ ಇಪ್ಪತ್ತಿದೆ. ನಾನು ಪಾಪದ ಕೆಲಸ ಮಾಡ್ತಿದೀನಿ ಅಂತ ನಂಗೂ ಗೊತ್ತು. ಬೇರೆ ದಾರಿ ಇದ್ರೆ ನೀನೇ ಹೇಳು."

ಅವಳು ಕಾಗದಗಳನ್ನು ಬಾಚಿಕೊಂಡು ಹೊರಗೆ ಬಂದಳು. ನಾಚಿಕೆಗೇಡಿನ ಮಾತು ಹೇಳಲೇಬೇಕು: ಮೆಟ್ಟಿಲಿಳಿಯುವಾಗ ಅವಳಿಗೆ ಒಂದು ಕ್ಷಣ ಹಗುರವೆನಿಸಿತು. ತಾನು ಹೇಳಿಯಾಯಿತು, ಬೇಡ ಅಂದವರು ಅವರು, ವಾಲ್ವುಗಳನ್ನಂತೂ ತೆಗೆಸುತ್ತಾರೆ, ಇನ್ಯಾರ ಕಣ್ಣೂ ಹೋಗುವುದಿಲ್ಲ. ಹೀಗೆ ಲೆಕ್ಕ ಹಾಕುತ್ತಾ ಗೇಟಿನವರೆಗೆ ಬಂದಳು. ಗೇಟಿನ ಕಾವಲಿನವನು, "ಭಾವ ಹೇಗಿದಾರೆ ಮೇಡಂ? ಅವರಿಲ್ದೆ ಬಿಕೋ ಅನ್ನುತ್ತೆ" ಅಂದ. ಆ ಹಗುರವೆಲ್ಲ ಅಲ್ಲೇ ಇಳಿದುಹೋಯಿತು.

ಆ ರಾತ್ರಿ ಅವಳು ಒಂದು ಕಾಗದ ಬರೆದಳು. ಚೀಟಿಗೆ ಗುರುತು ಹಾಕಿದ್ದು ತಾನು, ಅಳೆಯದೆ ಬಿಟ್ಟದ್ದು ತಾನು, ಹದಿನೇಳನೇ ವೆಲ್ಡಿನಲ್ಲಿ ಯಾವ ದೋಷವೂ ಇಲ್ಲ ಎಂದು ಲೈಸೆನ್ಸ್ ಕೊಡುವ ಇಲಾಖೆಗೇ ನೇರವಾಗಿ ಬರೆದಳು. ಆರುನೂರು ಒಲೆಗಳು ಕಣ್ಣ ಮುಂದೆ ಬಂದವು. ಭಾವನ ಮುಖವೂ ಬಂತು. ಕೊನೆಗೆ ಅವಳಿಂದ ತಡೆಯಲಾಗದೆ ಹೋದದ್ದು ಭಾವನ ಮುಖವೇ. ಮೊದಲು ಅವರು ಸಹಿ ಹಾಕದಂತೆ ತಡೆಯಬೇಕು, ಮಿಕ್ಕದ್ದು ಆಮೇಲೆ ಎಂದುಕೊಂಡಳು.

ಶುಕ್ರವಾರ ಹನ್ನೊಂದು ಗಂಟೆಗೆ ಅಕ್ಕನ ಮನೆಯ ಬಾಗಿಲು ತಟ್ಟಿದಳು. ಅಕ್ಕ ಬಾಗಿಲು ತೆಗೆದವಳು ಅವಳ ಕೈ ಹಿಡಿದುಕೊಂಡು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನೀನಾದ್ರೂ ಸ್ವಲ್ಪ ಬುದ್ಧಿ ಹೇಳೆ. ಊಟ ಬಿಟ್ಟು ಎಷ್ಟು ದಿನ ಆಯ್ತು. ಹಿತ್ತಲಲ್ಲಿ ಒಂದು ಕಣ್ಣು ಮುಚ್ಕೊಂಡು ಓಡಾಡ್ತಾರೆ. ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ಹಣೆ ಬಡ್ಕೊಂಡ್ರು. ಯಾಕ್ರೀ ಅಂದ್ರೆ, ಒಂದೇ ಕಣ್ಣಾದ್ರೆ ಹೇಗಿರುತ್ತೆ ನೋಡ್ತಿದೀನಿ ಅಂತಾರೆ. ನಂಗೆ ಭಯ ಆಗ್ತಿದೆ ಕಣೆ."

ಅವಳು ಹಿತ್ತಲಿಗೆ ಹೋದಳು. ಭಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು, ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಊತ. ಪಕ್ಕದಲ್ಲಿ ಆ ಕಾಗದ, ಅದರ ಮೇಲೆ ಹಾರಿಹೋಗದಂತೆ ಒಂದು ಕಲ್ಲು. ಸಹಿಯ ಜಾಗ ಇನ್ನೂ ಖಾಲಿಯಿತ್ತು. ಅಬ್ಬ ಎಂದುಕೊಂಡಳು.

"ಬಾ ಪುಟ್ಟಿ" ಅಂದರು ಭಾವ. "ಕೆಲಸಕ್ಕೆ ಹೋಗ್ಲಿಲ್ವಾ?"

"ಭಾವ, ಅದಕ್ಕೆ ಸಹಿ ಹಾಕ್ಬೇಡಿ."

"ಹಾಕದೆ ಏನ್ಮಾಡ್ಲಿ? ಗೋಡೆ ಮೇಲೆ ನಾನೇ ನೋಡಿದ್ನಲ್ಲ. ವಯಸ್ಸಾಯ್ತು ಕಣಮ್ಮ. ಕೈ ಸ್ವಲ್ಪ ನಡುಗಿರುತ್ತೆ, ನಂಗೇ ಗೊತ್ತಾಗಿಲ್ಲ. ಈ ಕೈ ಮೂವತ್ತೈದು ವರ್ಷ ದುಡಿದಿದೆ. ಒಂದ್ಸಲ ತಪ್ಪಿತು. ಆ ಒಂದು ಸಲದಲ್ಲೇ ಹೀಗಾಗ್ಬೇಕಿತ್ತು, ಹಣೆಬರಹ."

"ನಿಮ್ಮ ಕೈ ತಪ್ಪಿಲ್ಲ ಭಾವ!" ಅವಳ ದನಿ ಎಷ್ಟು ಜೋರಾಗಿತ್ತೆಂದರೆ ಅಕ್ಕ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲಿ ನಿಂತಳು. "ವೆಲ್ಡ್ ಸರಿಯಾಗೇ ಇದೆ. ಆ ಬಣ್ಣದಿಂದ ಏನೂ ಆಗಲ್ಲ. ತಪ್ಪು ನನ್ನದು. ಮುಚ್ಚಳದ ಜಾಗದಲ್ಲಿ ವಾಲ್ವು ಹಾಕಿಸಿದೆ, ಕತ್ತಿನ ಆಳ ಲೆಕ್ಕ ಹಾಕ್ಲಿಲ್ಲ. ನಿನ್ನೆ ಹಬೆ ಬಿಟ್ಟು ನೋಡ್ದೆ, ಒಳಗೆ ಬಿಸಿ ತಲುಪೋದೇ ಇಲ್ಲ. ತೊಂಬತ್ತಮೂರು. ಕ್ರಿಮಿ ಅಲ್ಲೇ ಇತ್ತು ಭಾವ, ವಾಲ್ವಿನ ಗಂಟಲಲ್ಲಿ. ನಿಮ್ಮ ವೆಲ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗಳಗಳನೆ ಅತ್ತುಬಿಟ್ಟಳು. "ಕೇಳಿದ್ರಾ? ಕೇಳಿದ್ರೇನ್ರೀ? ನಿಮ್ದಲ್ವಂತೆ! ನಾನು ಹೇಳ್ಲಿಲ್ವಾ, ನಿಮ್ಮ ಕೈಲಿ ಆಗಿರಲ್ಲ ಅಂತ ಮೊದಲ ದಿನದಿಂದ ಬಡ್ಕೊಂಡೆ!" ತಂಗಿಯ ತಪ್ಪು ಎಂಬುದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಬಿದ್ದಿದ್ದರೂ ಆ ಗಳಿಗೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಆ ಮಾತು ಹಿಡಿದುಕೊಂಡು ಒಳಗೆ ಓಡಿದಳು, ನಾದಿನಿಗೆ ಫೋನು ಮಾಡಲು.

ಭಾವ ಅವಳು ತಂದಿದ್ದ ಡ್ರಾಯಿಂಗನ್ನು ಮಂಡಿಯ ಮೇಲೆ ಹರಡಿಕೊಂಡಿದ್ದರು. ಹೆಬ್ಬೆರಳನ್ನು ಕವಲಿನ ಬುಡದಲ್ಲಿಟ್ಟು, ತೋರುಬೆರಳನ್ನು ವಾಲ್ವಿನವರೆಗೆ ಚಾಚಿದರು. ಥರ್ಮಾಮೀಟರಿನ ಹಾಳೆಯನ್ನೂ, ಇಲಾಖೆಗೆಂದು ಅವಳು ಬರೆದಿದ್ದ ಕಾಗದವನ್ನೂ ಓದಿದರು. ಓದುತ್ತಾ ಓದುತ್ತಾ ಅವರ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು. ಸಮಾಧಾನವಾಗಿದೆ, ಅದಕ್ಕೇ ಮಾತು ಬರುತ್ತಿಲ್ಲ ಎಂದು ಅವಳು ತಿಳಿದಳು. ಅವರ ಮಂಡಿ ಹಿಡಿದುಕೊಂಡು, "ನನ್ನ ಕ್ಷಮಿಸಿ ಭಾವ, ಆವತ್ತು ಮೀಟಿಂಗಲ್ಲೇ ಎದ್ದು ಹೇಳ್ಬೇಕಿತ್ತು" ಅಂದಳು.

"ಈ ವಾಲ್ವು ಹಾಕಿದ್ದೂ ನಾನೇ ಅಲ್ವಾ" ಅಂದರು ಭಾವ.

"ಚೀಟಿ ಬಂತು, ಹಾಕಿದ್ರಿ. ಅದರಲ್ಲಿ ನಿಮ್ದೇನಿದೆ?"

"ಹಾಕೋಕೆ ಮುಂಚೆ ಕತ್ತಿನೊಳಗೆ ಬೆರಳು ಬಿಟ್ಟು ನೋಡ್ದೆ. ಅಭ್ಯಾಸ. ಆಮೇಲೆ ವಾಲ್ವನ್ನ ಮೇಲಿಟ್ಟು ನೋಡ್ದೆ. ಇದೇನು ಇಷ್ಟು ದೂರ ನಿಲ್ತಲ್ಲ, ನೀರು ಒಳಗೇ ಕೂತ್ಬಿಡಲ್ವಾ ಅನ್ನಿಸ್ತು. ಅನ್ನಿಸ್ತು ಪುಟ್ಟಿ. ಚೆನ್ನಾಗಿ ನೆನಪಿದೆ."

"ಹೇಳ್ಬೇಕಿತ್ತಲ್ಲ ಭಾವ."

"ಹೇಳೋಣ ಅಂತಲೇ ನಿನ್ನ ರೂಮಿನ ಬಾಗಿಲವರೆಗೂ ಬಂದೆ. ಬಂದು ನಿಂತೆ." ಭಾವ ಡ್ರಾಯಿಂಗನ್ನು ನಿಧಾನವಾಗಿ ಮಡಚತೊಡಗಿದರು. "ಹಿಂದೊಂದ್ಸಲ ಹೀಗೇ ಏನೋ ಹೇಳೋಕೆ ಬಂದಿದ್ದೆ. ರೂಮ್ ತುಂಬ ಜನ ಇದ್ರು. 'ಭಾವ, ನೀವು ವೆಲ್ಡ್ ಮಾಡಿ ಸಾಕು, ಅಳತೆ ನಾನು ನೋಡ್ಕೋತೀನಿ' ಅಂದೆ ನೀನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಮಾನ ಅಂತ ಏನೂ ಅನ್ನಿಸ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ನಮ್ಮ ಮನೆ ಹುಡುಗಿ ಎಷ್ಟು ಜೋರಾಗಿ ಹೇಳ್ತಾಳೆ ನೋಡು ಅಂತ ಹೆಮ್ಮೆನೇ ಆಗಿತ್ತು. ಈ ಸಲ ಬಾಗಿಲಲ್ಲಿ ನಿಂತಾಗ ಅದು ನೆನಪಾಯ್ತು. ಪುಟ್ಟಿ ಆರಿಸಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ, ನಾನ್ಯಾಕೆ ಮಧ್ಯೆ ಮೂಗು ತೂರಿಸ್ಲಿ ಅಂತ ವಾಪಸ್ ಹೋದೆ. ಹೋಗಿ ಕ್ಲಾಂಪು ಬಿಗಿದೆ."

ಯಾವಾಗ ಅಂದಿದ್ದಳು ಆ ಮಾತನ್ನು? ಅವಳು ನೆನಪನ್ನೆಲ್ಲ ತಡಕಾಡಿದಳು. ಯಾವ ದಿನ, ಯಾರಿದ್ದರು, ಯಾವ ಪೈಪಿನ ವಿಷಯ? ಏನೂ ಸಿಗಲಿಲ್ಲ. ಅಂದಿರಬಹುದು. ಅವಸರದಲ್ಲಿ, ನಗುತ್ತಾ, ತಲೆಯೆತ್ತಿ ನೋಡದೆ ಅಂದಿರಬಹುದು. ಅವರೊಳಗೆ ಅದು ವರ್ಷಗಟ್ಟಲೆ ಇತ್ತು, ಅವಳೊಳಗೆ ಒಂದು ದಿನವೂ ಉಳಿದಿರಲಿಲ್ಲ.

"ನೀವು ನೋಡಿದ್ದು ಅಷ್ಟೇ ಭಾವ. ಲೆಕ್ಕ ಹಾಕಬೇಕಾಗಿದ್ದದ್ದು ನಾನು. ನಿಮ್ಮ ಮೇಲೆ ಯಾರೂ..."

"ಯಾರೂ ಅನ್ನಲ್ಲ. ನಂಗೊತ್ತು." ಅವರು ಮಡಚಿದ ಡ್ರಾಯಿಂಗನ್ನು ಅವಳ ಕೈಗೆ ಕೊಟ್ಟರು. ಕಲ್ಲಿನ ಕೆಳಗಿದ್ದ ಕಾಗದವನ್ನು ತೆಗೆದು ಎರಡು ಸಲ ಹರಿದರು. "ಇದು ಸುಳ್ಳು ಅಂತ ಗೊತ್ತಾದ್ಮೇಲೆ ಸಹಿ ಹಾಕೋಕಾಗಲ್ಲ. ನಿನ್ನ ಕಾಗದ ಕಳಿಸ್ಬಿಡು. ನಿಜ ಇರೋದು ಅದರಲ್ಲೇ."

ಅವಳು ಬಂದದ್ದೇ ಇದಕ್ಕೆ. ಆ ಕಾಗದಕ್ಕೆ ಸಹಿ ಬೀಳಬಾರದು ಎಂದು ಬಂದಿದ್ದಳು, ಬೀಳಲಿಲ್ಲ. ಅವರ ಹೆಸರು ಉಳಿಯಿತು, ಸರ್ಟಿಫಿಕೇಟು ಉಳಿಯಿತು. ಆದರೂ ಭಾವ ಅವಳ ಕಣ್ಣೆದುರಿಗೇ ಕುಗ್ಗಿ ಕುಗ್ಗಿ ಆ ಕಲ್ಲಿನ ಮೇಲೆ ಒಂದು ಹಿಡಿಯಷ್ಟಾಗುತ್ತಿದ್ದರು. ಒಳಗೆ ಅಕ್ಕ ಫೋನಿನಲ್ಲಿ ಅಳುತ್ತಾ ನಗುತ್ತಾ ಹೇಳುತ್ತಿದ್ದಳು: "ಹ್ಞೂ ಕಣೆ, ಇವರದ್ದೇನೂ ತಪ್ಪಿಲ್ವಂತೆ! ಏನೇನೂ ಇಲ್ವಂತೆ! ಪುಟ್ಟಿನೇ ಬಂದು ಹೇಳಿದ್ಲು!"

ಭಾವ ಅದನ್ನು ಕೇಳಿಸಿಕೊಂಡರು. ಆಮೇಲೆ ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ವೆಲ್ಡೇ ಆಗಿದ್ದಿದ್ರೆ ಚೆನ್ನಾಗಿತ್ತು ಕಣಮ್ಮ. ವಯಸ್ಸಾದ ಕೈ, ತಪ್ಪಿತು ಅಂದ್ಕೊಂಡು ಹೇಗೋ ಇರ್ತಿದ್ದೆ. ಇದು ಹಾಗಲ್ಲ. ಇದು ನಂಗೆ ಗೊತ್ತಿತ್ತು."

ಒಳಗೆ ಅಕ್ಕ ಆ ಫೋನು ಇಟ್ಟು ಇನ್ನೊಬ್ಬರ ನಂಬರು ಒತ್ತುತ್ತಿದ್ದಳು.